ಕೊನೆಯ ಚಿಟಿಕೆ

ನನ್ನ ಅತ್ತಿಗೆಗೂ ನನಗೂ ಜಗಳವಾಗದ ದಿನವೇ ಇರಲಿಲ್ಲ. ಮನೆಯಲ್ಲಲ್ಲ. ಮನೆಯಲ್ಲಿ ನಾವಿಬ್ಬರೂ ಒಂದಾಗಿ ನನ್ನ ಅಣ್ಣನನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆವು. ಜಗಳವೆಲ್ಲ ಕೆಲಸದ ಜಾಗದಲ್ಲಿ. ಅವಳು ಪಾಲಿಮರ್ ಮಾಡುವವಳು, ನಾನು ಆ ಪಾಲಿಮರನ್ನು ಗಾಜಿನ ಮೇಲೆ ತೆಳ್ಳಗೆ ಬಳಿದು ಸೋಲಾರ್ ಸೆಲ್ ಮಾಡುವವಳು. ಸೆಲ್ ಚೆನ್ನಾಗಿ ಬಂದರೆ ಅವಳ ಪಾಲಿಮರ್ ಒಳ್ಳೆಯದು, ಕೆಟ್ಟರೆ ನನ್ನ ಕೈ ಕೆಟ್ಟದ್ದು. ಇದು ಅವಳ ಲೆಕ್ಕ. ನನ್ನ ಲೆಕ್ಕ ಇದರ ತದ್ವಿರುದ್ಧ ಎಂದು ಬೇರೆ ಹೇಳಬೇಕಾಗಿಲ್ಲ.

ಅತ್ತಿಗೆಯನ್ನು 'ಅವಳು' ಎನ್ನುತ್ತಿದ್ದೇನೆಂದು ಯಾರೂ ಹುಬ್ಬೇರಿಸಬೇಡಿ. ಅತ್ತಿಗೆಯಾಗುವ ಮುಂಚೆ ಅವಳು ನನ್ನ ಗೆಳತಿ, ಓದುವಾಗ ಒಂದೇ ಕೋಣೆಯಲ್ಲಿದ್ದವಳು. ಅಣ್ಣನಿಗೆ ಗಂಟು ಹಾಕಿದ್ದೇ ನಾನು. ಮದುವೆಯಾದ ಮೇಲೆ ಅಮ್ಮ, "ಇನ್ಮೇಲೆ ಮರ್ಯಾದೆ ಕೊಟ್ಟು ಮಾತಾಡಿಸು" ಎಂದು ಗದರಿದ್ದಳು. ಒಂದು ವಾರ 'ನೀವು, ತಾವು' ಎಂದು ಒದ್ದಾಡಿ, ಕೊನೆಗೆ ಇಬ್ಬರಿಗೂ ನಗು ತಡೆಯಲಾಗದೆ ಬಿಟ್ಟೆವು. 'ಅತ್ತಿಗೆ' ಎನ್ನುವುದು ಮಾತ್ರ ಉಳಿಯಿತು. ಅವಳು ನನ್ನನ್ನು ಕರೆಯುವುದು ಮೆಣಸಿನಕಾಯಿ ಎಂದು. ಯಾಕೆಂದು ಈ ಹೊತ್ತಿಗೆ ನಿಮಗೆ ಗೊತ್ತಾಗಿರಬೇಕು.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಛಾವಣಿಯ ಮೇಲೆ ಕೂರಿಸುವ ಸೋಲಾರ್ ಹಲಗೆ ಎಲ್ಲರಿಗೂ ಗೊತ್ತು. ನಮ್ಮದು ಅದಲ್ಲ. ನಮ್ಮದು ಒಂದು ಬಗೆಯ ಪ್ಲಾಸ್ಟಿಕ್. ದ್ರಾವಕದಲ್ಲಿ ಕರಗಿಸಿದರೆ ಕಡುನೀಲಿ ಶಾಯಿಯಾಗುತ್ತದೆ, ಬಳಿದರೆ ತೆಳುವಾದ ಪದರವಾಗುತ್ತದೆ, ಪದರದ ಮೇಲೆ ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟುತ್ತದೆ. ಕಿಟಕಿಯ ಪರದೆಗೆ ಬಳಿಯಬಹುದು, ಡೇರೆಗೆ ಬಳಿಯಬಹುದು, ಹೆಗಲಿನ ಚೀಲಕ್ಕೆ ಬಳಿಯಬಹುದು ಎಂದೆಲ್ಲ ಅರ್ಜಿಗಳಲ್ಲಿ ಬರೆಯುತ್ತೇವೆ. ನಿಜಕ್ಕೂ ನಾವು ಬಳಿದಿರುವುದು ಹೆಬ್ಬೆರಳಿನ ಉಗುರಿನಷ್ಟು ಗಾಜಿಗೆ.

ಅತ್ತಿಗೆ ಓದು ಮುಗಿಸಿದಾಗಿನಿಂದ ಈ ಒಂದೇ ಪಾಲಿಮರಿನ ಬೆನ್ನು ಬಿದ್ದಿದ್ದಳು. ಕೊನೆಗೂ ಒಂದು ಬ್ಯಾಚ್ ಕೈಗೆ ಬಂತು. ನಾನು ಅದರಿಂದ ಸೆಲ್ ಮಾಡಿ ದೀಪದ ಕೆಳಗಿಟ್ಟೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಹದಿನೇಳು ಪಾಲು ವಿದ್ಯುತ್ತಾಯಿತು. ನಮ್ಮಂಥ ಪುಟ್ಟ ಪ್ರಯೋಗಾಲಯದಲ್ಲಿ ಹದಿನೇಳು ಎಂದರೆ ಹುಡುಗಾಟವಲ್ಲ. ನಾನು ಯಂತ್ರ ಕೆಟ್ಟಿದೆ ಎಂದುಕೊಂಡು ತಂತಿಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಿದೆ. ಮತ್ತೆ ಹದಿನೇಳು. ಅತ್ತಿಗೆ ಕುರ್ಚಿಯಲ್ಲಿ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಅಯ್ಯೋ, ಅಯ್ಯೋ" ಎನ್ನುತ್ತಿದ್ದಳು. ಯಾರೋ ಸತ್ತ ಸುದ್ದಿ ಬಂದಿದೆ ಎಂದು ಪಕ್ಕದ ಕೋಣೆಯವರು ಓಡಿಬಂದರು.

ಅಷ್ಟೇ. ಆಮೇಲೆ ಅವಳು ಮಾಡಿದ ಯಾವ ಬ್ಯಾಚೂ ಹನ್ನೊಂದು ದಾಟಲಿಲ್ಲ. ಅದೇ ಕಚ್ಚಾ ಸಾಮಾನು, ಅದೇ ಪಾತ್ರೆ, ಅದೇ ಕೈ. ಬರುವುದು ಹನ್ನೊಂದು, ಹತ್ತೂವರೆ, ಮತ್ತೆ ಹನ್ನೊಂದು. ನಾವು ತಲೆ ಚಚ್ಚಿಕೊಂಡೆವು. ಗಾಳಿಯ ತೇವದಿಂದ ಹೀಗಾಗುತ್ತಿದೆ ಎಂದು ಮೊದಲು ಪತ್ತೆ ಹಚ್ಚಿದೆವು. ನಮ್ಮ ಮೇಲಿನ ಸಾಹೇಬರನ್ನು ನಾವು ದೊಡ್ಡವರು ಎನ್ನುತ್ತೇವೆ, ಅವರ ಕೋಣೆಗೆ ಓಡಿ, "ಕಾರಣ ಸಿಕ್ತು ಸರ್!" ಎಂದೆವು. ಅವರು ಕಾಲಾವಕಾಶ ಕೊಟ್ಟರು. ತೇವ ತೆಗೆದರೂ ಹನ್ನೊಂದೇ. ಆಮೇಲೆ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಕ್ಯಾಟಲಿಸ್ಟ್ ಹಳೆಯದಾಗಿದೆ ಎಂದು ಪತ್ತೆಯಾಯಿತು. ಮತ್ತೆ ಓಡಿದೆವು, ಮತ್ತೆ "ಕಾರಣ ಸಿಕ್ತು ಸರ್!" ಹೊಸ ಕ್ಯಾಟಲಿಸ್ಟಿಗೂ ಹನ್ನೊಂದೇ. ಮೂರನೆಯ ಸಲ ಕೈಗವಸಿನ ಪುಡಿ. ಅವತ್ತು ದೊಡ್ಡವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಮ್ಮಿಬ್ಬರನ್ನೂ ಸುಮ್ಮನೆ ನೋಡಿದರು. "ಆಯ್ತಮ್ಮ, ಇದೇ ಕೊನೆ," ಎಂದರು.

ಕೊನೆ ಎಂದರೆ ಏನೆಂದೂ ಆಗಲೇ ಬಿಡಿಸಿ ಹೇಳಿದ್ದರು. ಹೊರಗಿನಿಂದ ಅಳತೆಯವರು ಬರುತ್ತಾರೆ, ತಮ್ಮದೇ ದೀಪ ತರುತ್ತಾರೆ. ಅವರ ಕಣ್ಣೆದುರಿಗೇ ಸೆಲ್ ಮಾಡಬೇಕು, ಅವರೇ ಅಳೆಯುತ್ತಾರೆ. ಹದಿನೇಳು ಬಂದರೆ ಪಾಲಿಮರಿನ ಕೆಲಸ ಮುಂದುವರಿಯುತ್ತದೆ, ಅತ್ತಿಗೆಯೂ ಉಳಿಯುತ್ತಾಳೆ. ಬಾರದಿದ್ದರೆ ಅವಳ ಜಾಗ ಹರಳಿನ ಸೆಲ್ ಮಾಡುವ ಗುಂಪಿಗೆ ಹೋಗುತ್ತದೆ. ನನ್ನದು ಖಾಯಂ ಕೆಲಸ, ನನಗೇನೂ ಆಗುವುದಿಲ್ಲ. ಅವಳದು ವರ್ಷ ವರ್ಷವೂ ಮುಂದಕ್ಕೆ ಹಾಕಿಸಿಕೊಂಡು ಬಂದ ಕೆಲಸ. ತಲೆಗೂದಲು ಬೆಳ್ಳಗಾದ ಮೇಲೆ, ಒಂದೇ ಪಾಲಿಮರ್ ಬಲ್ಲವಳನ್ನು, ಅದೂ ಎರಡನೆಯ ಸಲ ಬಾರದ ಪಾಲಿಮರ್, ಬೇರೆ ಯಾರು ಕರೆಯುತ್ತಾರೆ?

ಪುಡಿಯಿಲ್ಲದ ಕೈಗವಸು ಹಾಕಿದರೂ ಹನ್ನೊಂದೇ ಬಂತು. ಆದರೆ ನಮ್ಮ ಹತ್ತಿರ ಒಂದಿತ್ತು. ಆ ಮೊದಲ ಬ್ಯಾಚಿನದೇ ಒಂದು ಚಿಟಿಕೆ ಉಳಿದಿತ್ತು. ಕಂದು ಬಣ್ಣದ ಪುಟ್ಟ ಶೀಷೆಯಲ್ಲಿ ಹಾಕಿ, ಬೆಳಕು ತಾಗದ ಹಾಗೆ ಸುತ್ತಿ, ಫ್ರೀಜರಿನ ಹಿಂದಿನ ಮೂಲೆಯಲ್ಲಿ ಇಟ್ಟಿದ್ದೆವು. ಒಂದೇ ಒಂದು ಸಲ, ನಾಲ್ಕೈದು ಸೆಲ್ ಮಾಡುವುದಕ್ಕೆ ಸಾಕು. ಅದನ್ನು ಮುಟ್ಟುವಂತಿಲ್ಲ ಎಂದು ನಾನು ಎಲ್ಲರಿಗೂ ಗುಡುಗಿದ್ದೆ. ಅಳತೆಯವರು ಬರುವ ದಿನಕ್ಕೆ ಅದು ಮೀಸಲು. ಆ ಚಿಟಿಕೆಯಿಂದ ಹದಿನೇಳು ತೋರಿಸಿಬಿಟ್ಟರೆ ಅತ್ತಿಗೆಗೆ ಇನ್ನೊಂದು ವರ್ಷ ಸಿಗುತ್ತದೆ, ಅಷ್ಟರಲ್ಲಿ ನಿಜವಾದ ಕಾರಣ ಸಿಕ್ಕೀತು ಎಂಬುದು ನನ್ನ ಹಂಚಿಕೆ.

ಅಳತೆಯವರು ಬೆಳಗ್ಗೆಯೇ ಬಂದರು. ಒಬ್ಬ ಹೆಂಗಸು, ಅವಳ ಜೊತೆ ಪೆಟ್ಟಿಗೆ ಹೊತ್ತ ಒಬ್ಬ ಗಂಡಸು. ಹೆಂಗಸು ನಗುಮುಖದವಳೇ, ಆದರೆ ಮಾತು ಅಳೆದು ತೂಗಿ. ಗಂಡಸು ಬಾಯಿಯನ್ನೇ ಬಿಡಲಿಲ್ಲ. ಅತ್ತಿಗೆ ಅವತ್ತು ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಬಂದಿದ್ದಳು. "ಏನತ್ತಿಗೆ, ಹೆಣ್ಣು ನೋಡೋಕೆ ಬಂದಿದಾರಾ?" ಎಂದು ಕಿವಿಯಲ್ಲಿ ಹೇಳಿದೆ. "ಸುಮ್ನಿರೇ," ಎಂದು ಚಿವುಟಿದಳು. ಚಿವುಟಿದ ಕೈ ತಣ್ಣಗಿತ್ತು.

ಶೀಷೆಯನ್ನು ಅವಳೇ ತಂದು ಕೊಟ್ಟಳು. ನಾನು ಪುಡಿಯನ್ನು ದ್ರಾವಕಕ್ಕೆ ಹಾಕಿ ಬಿಸಿ ತಟ್ಟೆಯ ಮೇಲೆ ಇಟ್ಟೆ. ಹಿಂದೆ ಈ ಬ್ಯಾಚು ಹಾಕಿದ ಕೂಡಲೇ ಕರಗುತ್ತಿತ್ತು. ಈಗ ಕರಗಲೊಲ್ಲದು. ತಳದಲ್ಲಿ ಎಳೆ ಎಳೆಯಾಗಿ ಕೂತಿದೆ.

"ಏನಿದು, ಕರಗ್ತಾನೇ ಇಲ್ಲ?" ಎಂದೆ.

"ಫ್ರೀಜರಿಂದ ಈಗ ತಾನೆ ಬಂದಿದೆ, ಸ್ವಲ್ಪ ತಾಳ್ಮೆ ಇರಲಿ. ನಿನಗೆ ಎಲ್ಲದಕ್ಕೂ ಅವಸರ," ಎಂದಳು ಅತ್ತಿಗೆ.

ಕೊನೆಗೂ ಕರಗಿತು. ಗಾಳಿಯಾಡದ ಗಾಜಿನ ಪೆಟ್ಟಿಗೆಯ ಗೋಡೆಗೆ ಜೋಡಿಸಿದ ಎರಡು ರಬ್ಬರ್ ಕೈಗವಸುಗಳಲ್ಲಿ ಕೈ ತೂರಿಸಿ, ಒಳಗೆ ಗರಗರ ತಿರುಗುವ ಗಾಜಿನ ಚೂರುಗಳ ಮೇಲೆ ಒಂದೊಂದಾಗಿ ಶಾಯಿ ಬಿಟ್ಟೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ನಮ್ಮಲ್ಲಿ ಯಾರೂ ಇಲ್ಲ, ಜಂಬವಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಪದರ ಕೂತಿತು. ಲೋಹ ಹಚ್ಚಿದ್ದಾಯಿತು. ಅಳತೆಯ ಹೆಂಗಸು ಸೆಲ್ಲನ್ನು ತನ್ನ ದೀಪದ ಕೆಳಗಿಟ್ಟು ಗುಂಡಿ ಒತ್ತಿದಳು.

ಹನ್ನೊಂದು.

ಇನ್ನೊಂದು ಸೆಲ್ ಇಟ್ಟಳು. ಹನ್ನೊಂದು. ಉಳಿದವೂ ಅಷ್ಟೇ, ಒಂದು ಕೂದಲೆಳೆ ಹೆಚ್ಚು, ಒಂದು ಕೂದಲೆಳೆ ಕಡಿಮೆ.

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ದೀಪ ಸರಿಯಿದೆಯಾ?" ಎಂದು ಕೇಳಿಯೇಬಿಟ್ಟೆ. ಆಕೆ ಬೇಸರಿಸಿಕೊಳ್ಳಲಿಲ್ಲ. ತಮ್ಮ ಪೆಟ್ಟಿಗೆಯಿಂದ, ಎಷ್ಟು ಕೊಡುತ್ತದೆಂದು ಮೊದಲೇ ಗೊತ್ತಿದ್ದ ಒಂದು ಸಿಲಿಕಾನ್ ಸೆಲ್ ತೆಗೆದು ಇಟ್ಟು ತೋರಿಸಿದಳು. ದೀಪ ಸರಿಯಾಗೇ ಇತ್ತು. "ನೀವು ಊಟ ಮಾಡ್ಕೊಂಡು ಬನ್ನಿ, ಅಷ್ಟರೊಳಗೆ ಮತ್ತೊಂದು ಸಲ ನೋಡ್ತೀವಿ," ಎಂದೆ. "ಸರಿ, ಊಟ ಆದ್ಮೇಲೆ ಇನ್ನೊಂದು ಸಲ ಅಳೀತೀನಿ. ಆಮೇಲೆ ನಾವು ಹೊರಡಬೇಕು," ಎಂದಳು. ಅವರಿಬ್ಬರೂ ಹೋದರು.

ಬಾಗಿಲು ಮುಚ್ಚಿದ್ದೇ ತಡ ನಾನು ಅತ್ತಿಗೆಯ ಮೇಲೆ ತಿರುಗಿಬಿದ್ದೆ. "ಶೀಷೆ ಅದಲಬದಲಾಗಿದೆ. ಯಾವುದೋ ಹೊಸ ಬ್ಯಾಚ್ ತಂದು ಕೊಟ್ಟಿದೀಯ ನೀನು. ಇದು ಅದಲ್ಲ."

"ಅದೇ ಕಣೇ. ನನ್ನ ಕೈಯಾರೆ ತಂದೆ."

"ಮತ್ತೆ ಯಾಕೆ ಕರಗಲಿಲ್ಲ? ಅದು ಹಾಕಿದ ತಕ್ಷಣ ಕರಗ್ತಿತ್ತು!"

ಅತ್ತಿಗೆ ಸ್ವಲ್ಪ ತಡವರಿಸಿದಳು. "ಹೇಳಿದ್ರೆ ಕೂಗಾಡ್ತೀಯ ಅಂತ ಹೇಳಿರಲಿಲ್ಲ. ನಿನ್ನೆ ಅದನ್ನ ಇನ್ನೊಂದು ಸಲ ತೊಳೆದೆ."

ಇಲ್ಲಿ ತೊಳೆಯುವುದು ಎಂದರೇನೆಂದು ಹೇಳಬೇಕು. ಪಾಲಿಮರ್ ಎಂದರೆ ಅಣುಗಳ ಉದ್ದುದ್ದ ಸರಪಳಿ. ಮಾಡುವಾಗ ಎಲ್ಲವೂ ಉದ್ದ ಬೆಳೆಯುವುದಿಲ್ಲ, ಕೆಲವು ಗಿಡ್ಡವಾಗಿ ಉಳಿದುಬಿಡುತ್ತವೆ. ಜೊತೆಗೆ ಒಂದಿಷ್ಟು ಕಸಕಡ್ಡಿ. ಅದಕ್ಕೆ ಪುಡಿಯನ್ನು ದಪ್ಪ ಕಾಗದದ ಕೊಳವೆಯಲ್ಲಿ ತುಂಬಿ, ಮೇಲಿಂದ ಬಿಸಿ ದ್ರಾವಕ ತೊಟ್ಟಿಕ್ಕುವ ಹಾಗೆ ಇಡುತ್ತಾರೆ. ಮೊದಲು ಮೆಥನಾಲ್, ಆಮೇಲೆ ಅಸಿಟೋನ್, ಕೊನೆಯಲ್ಲಿ ಹೆಕ್ಸೇನ್. ಗಿಡ್ಡ ಸರಪಳಿಗಳೆಲ್ಲ ಕರಗಿ ಹೋಗುವುದು ಹೆಕ್ಸೇನಿನಲ್ಲಿ. ಕೆಳಗೆ ಬೀಳುವ ಹನಿಯ ಬಣ್ಣ ಪೂರ್ತಿ ಬಿಡುವವರೆಗೂ ಅತ್ತಿಗೆ ನಿಲ್ಲಿಸುತ್ತಿರಲಿಲ್ಲ. ಇಷ್ಟು ಚೊಕ್ಕವಾಗಿ ಪಾಲಿಮರ್ ತೊಳೆಯುವವರು ಬೇರೆಲ್ಲೂ ಇಲ್ಲ ಎಂದು ದೊಡ್ಡವರೇ ಎಷ್ಟೋ ಸಲ ಹೊಗಳಿದ್ದರು.

"ತೊಳೆದದ್ದನ್ನ ಮತ್ತೆ ಯಾಕೆ ತೊಳೆದೆ, ಮಹಾತಾಯಿ?" ಎಂದೆ.

"ಅದು ಪೂರ್ತಿ ತೊಳೆದಿದ್ದಲ್ಲ. ಆವತ್ತು ಹೆಕ್ಸೇನ್ ಹಾಕಿ ಸ್ವಲ್ಪ ಹೊತ್ತಿಗೇ ಕಟ್ಟಡಕ್ಕೆಲ್ಲ ನೀರು ನಿಂತುಹೋಯ್ತು, ತಂಪು ಮಾಡೋಕೆ ನೀರಿಲ್ಲ ಅಂತ ಅರ್ಧಕ್ಕೇ ಇಳಿಸಿಬಿಟ್ಟೆ. ಸುಮ್ನೆ ನೋಡೋಣ ಅಂತ ನಿನಗೆ ಕೊಟ್ಟೆ, ಹದಿನೇಳು ಬಂತು. ಆಮೇಲೆ ಅದನ್ನ ತೊಳೆಯೋಕೆ ನೀನೆಲ್ಲಿ ಬಿಟ್ಟೆ? ಮುಟ್ಟಬೇಡಿ ಅಂತ ಕಾವಲು ಕೂತಿದ್ದೆ. ಇವತ್ತು ಹೊರಗಿನವರ ಮುಂದೆ ಅರ್ಧಂಬರ್ಧ ತೊಳೆದಿದ್ದನ್ನ ಇಡೋಕೆ ನನಗೆ ನಾಚಿಕೆ ಆಯ್ತು ಕಣೇ. ಫೋಟೋ ತೆಗೆಸೋಕೆ ಮುಂಚೆ ಮಗೂಗೆ ಮುಖ ತೊಳೆಸಲ್ವಾ, ಹಾಗೆ. ಕೊಳೆ ಇದ್ದಾಗಲೇ ಹದಿನೇಳು ಬಂದಿದೆ, ಚೊಕ್ಕವಾಗಿದ್ರೆ ಹದಿನೆಂಟೇ ಬರಬಹುದು ಅಂದ್ಕೊಂಡೆ."

ಅವಳು ಹೇಳುತ್ತ ಹೇಳುತ್ತ ನಿಧಾನವಾದಳು. ಮಾತು ಮುಗಿಯುವ ಮೊದಲೇ ಇಬ್ಬರಿಗೂ ಗೊತ್ತಾಗಿಹೋಗಿತ್ತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕೂಗುವುದಕ್ಕೆಂದು ಎಳೆದುಕೊಂಡ ಉಸಿರು ಹಾಗೇ ಒಳಗೇ ಉಳಿಯಿತು.

ತೇವವೂ ಅಲ್ಲ, ಕ್ಯಾಟಲಿಸ್ಟೂ ಅಲ್ಲ, ಕೈಗವಸಿನ ಪುಡಿಯೂ ಅಲ್ಲ. ಗಿಡ್ಡ ಸರಪಳಿಗಳು. ಸಿಕ್ಕುಗಟ್ಟಿದ ಕೂದಲಿಗೆ ಎಣ್ಣೆ ಹಚ್ಚಿದರೆ ಬಾಚಣಿಗೆ ಸರಾಗವಾಗಿ ಓಡುತ್ತದಲ್ಲ, ಹಾಗೆ ಗಿಡ್ಡವು ನಡುನಡುವೆ ಇದ್ದದ್ದರಿಂದಲೇ ಉದ್ದ ಸರಪಳಿಗಳು ಸಾಲಾಗಿ ಕೂತು ವಿದ್ಯುತ್ತಿಗೆ ದಾರಿ ಬಿಟ್ಟಿದ್ದವು. ಆಮೇಲೆ ನೀರು ನಿಲ್ಲಲಿಲ್ಲ. ಆಮೇಲಿನ ಒಂದೊಂದು ಬ್ಯಾಚನ್ನೂ ಅತ್ತಿಗೆ ಹಿಂದಿನದಕ್ಕಿಂತ ಚೊಕ್ಕವಾಗಿ ತೊಳೆದಳು. ಹನ್ನೊಂದು ಬಂದಾಗಲೆಲ್ಲ ನಾನು, "ನಿನ್ನ ಪಾಲಿಮರಲ್ಲೇ ಏನೋ ಕೊಳೆ ಇದೆ" ಎಂದು ಅವಳನ್ನು ಹಂಗಿಸುತ್ತಿದ್ದೆ. ಅವಳು ಇನ್ನೂ ತಿಕ್ಕಿ ತೊಳೆಯುತ್ತಿದ್ದಳು.

"ತೊಳೆದ ಹೆಕ್ಸೇನ್ ಎಲ್ಲಿ?" ಎಂದೆ.

"ವೇಸ್ಟ್ ಕ್ಯಾನಿಗೆ ಸುರಿದೆ."

"ಫ್ಲಾಸ್ಕಿನ ತಳದಲ್ಲಿ ಒಂದು ಚೂರಾದರೂ ಅಂಟಿರುತ್ತೆ. ಎಲ್ಲಿ ಫ್ಲಾಸ್ಕು?"

ಅವಳು ಕಪಾಟಿನ ಕಡೆ ನೋಡಿದಳು. ಫ್ಲಾಸ್ಕು ಅಲ್ಲಿ ಬೋರಲಾಗಿ ಒಣಗುತ್ತಿತ್ತು, ಫಳಫಳ ಹೊಳೆಯುತ್ತಿತ್ತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂತು.

ಇಬ್ಬರೂ ಮೊಣಕಾಲೂರಿ ಹೊಗೆ ಹೀರುವ ಕಪಾಟಿನ ಕೆಳಗಿನ ಕ್ಯಾನನ್ನು ಎಳೆದೆವು. ಅದು ಇಡೀ ಮಹಡಿಯವರು ತಮ್ಮ ತಮ್ಮ ಎಂಜಲು ದ್ರಾವಕ ಸುರಿಯುವ ಕ್ಯಾನು. ಮುಚ್ಚಳ ತೆಗೆದರೆ ಮೂಗು ಕಿತ್ತುಬರುವ ನಾತ. ಒಳಗೆ ಹಳದಿಗೂ ಕಂದಿಗೂ ನಡುವಿನ ಒಂದು ಬಣ್ಣ, ಮೇಲೆ ಒಂದು ಚೂರು ಕೆಂಪು ಛಾಯೆ. ನಮ್ಮ ಗಿಡ್ಡ ಸರಪಳಿಯ ಬಣ್ಣವೂ ಕೆಂಪೇ. ಅತ್ತಿಗೆ ಆ ಕೆಂಪನ್ನೇ ನೋಡುತ್ತ, "ಇಲ್ಲೇ ಇದೆ ಕಣೇ, ನೋಡು, ಇಲ್ಲೇ ಇದೆ," ಎಂದಳು.

ಇಲ್ಲೇ ಇತ್ತು. ನಮಗೆ ಬೇಕಾದದ್ದು ಅದರಲ್ಲಿತ್ತು, ಅದರ ಜೊತೆ ಊರಿನವರ ಗ್ರೀಸು, ಬಣ್ಣ, ಯಾರೋ ಕೆಡಿಸಿದ ಅಂಟು, ಎಲ್ಲವೂ ಇತ್ತು. ಬೇರೆ ಮಾಡುವುದಕ್ಕೆ ತಿಂಗಳುಗಟ್ಟಲೆ ಬೇಕು. ನಮಗಿದ್ದದ್ದು ಅಳತೆಯವರು ಊಟ ಮುಗಿಸಿ ಬರುವಷ್ಟು ಹೊತ್ತು. ಆದರೂ ಸುಮ್ಮನೆ ಕೂರಲಾಗುತ್ತದೆಯೇ? ಮೇಲಿನ ಕೆಂಪನ್ನು ಹೀರಿ ತೆಗೆದು, ಒಣಗಿಸಿದೆ. ತಳದಲ್ಲಿ ಮೂಗಿನ ಸಿಂಬಳದಂಥ ಒಂದು ಅಂಟು ಉಳಿಯಿತು. ಅದನ್ನೇ ಉಳಿದ ಶಾಯಿಗೆ ಸೇರಿಸಿದೆ. ಅತ್ತಿಗೆ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತು, ಚಿಕ್ಕ ಮಕ್ಕಳ ಹಾಗೆ ತುಟಿ ಅಲ್ಲಾಡಿಸುತ್ತಿದ್ದಳು. ಅವಳು ಏನು ಬೇಡಿಕೊಳ್ಳುತ್ತಿದ್ದಳೋ, ಯಾರನ್ನು ಬೇಡಿಕೊಳ್ಳುತ್ತಿದ್ದಳೋ, ನಾನು ಕೇಳಲಿಲ್ಲ.

ಬಳಿದ ಪದರ ತೂತು ತೂತಾಗಿ ಬಂತು. ಊಟ ಮುಗಿಸಿ ಬಂದ ಅಳತೆಯ ಹೆಂಗಸು ಅದನ್ನೂ ದೀಪದ ಕೆಳಗಿಟ್ಟಳು. ಸೊನ್ನೆ.

ಅತ್ತಿಗೆ ಆಕೆಗೆ ಎಲ್ಲವನ್ನೂ ಹೇಳಿದಳು. ನೀರು ನಿಂತದ್ದು, ಅರ್ಧ ತೊಳೆದದ್ದು, ಗಿಡ್ಡ ಸರಪಳಿ, ಎಣ್ಣೆ, ಕೂದಲು. ಆಕೆ ತಾಳ್ಮೆಯಿಂದ ಕೇಳಿದಳು, ತಲೆಯನ್ನೂ ಆಡಿಸಿದಳು. "ನೀವು ಹೇಳ್ತಿರೋದು ನಿಜ ಇರಬಹುದು ಮೇಡಂ. ಆದ್ರೆ ನಾನು ಕಂಡಿದ್ದನ್ನ ಮಾತ್ರ ಬರೆಯೋಕಾಗೋದು," ಎಂದಳು. ಗಂಡಸು ದೀಪವನ್ನು ಪೆಟ್ಟಿಗೆಯಲ್ಲಿಟ್ಟು ಪಟ್ಟಿ ಬಿಗಿದ.

ಅವರು ಹೋದ ಕೂಡಲೇ ಅತ್ತಿಗೆ ನನ್ನ ತೋಳು ಹಿಡಿದು ಎಳೆದಳು. "ನಡಿ, ದೊಡ್ಡವರ ಹತ್ರ ಹೋಗೋಣ. ಕಾರಣ ಸಿಕ್ತಲ್ಲ ಕಣೇ! ಇನ್ನೊಂದು ಬ್ಯಾಚ್ ಮಾಡಿ ಅರ್ಧಕ್ಕೇ ತೊಳೆಯೋದು ನಿಲ್ಲಿಸಿದ್ರೆ ಆಯ್ತು." ಅವಳ ಮುಖ ಹೊಳೆಯುತ್ತಿತ್ತು. ಬೆಳಗ್ಗೆಯಿಂದ ಆದದ್ದೆಲ್ಲ ಆ ಕ್ಷಣಕ್ಕೆ ಅವಳಿಗೆ ಮರೆತೇಹೋಗಿತ್ತು. ಓಡುನಡಿಗೆಯಲ್ಲಿ ಹೋಗುತ್ತಿದ್ದ ಅವಳ ಹಿಂದೆ ನಾನೂ ಹೋದೆ. ಆ ಕೋಣೆಯ ಬಾಗಿಲಲ್ಲಿ ನಿಂತು ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು, ಆದರೆ ತಡೆಯುವುದು ಹೇಗೆಂದು ಗೊತ್ತಾಗಲಿಲ್ಲ.

"ಕಾರಣ ಸಿಕ್ತು ಸರ್!" ಎಂದಳು ಅತ್ತಿಗೆ.

ದೊಡ್ಡವರು ತಲೆಯೆತ್ತಿದರು. ಕೆಟ್ಟ ಮನುಷ್ಯರಲ್ಲ ಅವರು. ಕೆಟ್ಟವರಾಗಿದ್ದರೆ ನಾನು ಜಗಳ ಕಾಯ್ದು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ಅವಳನ್ನು ಕೂರಿಸಿ, ಪೂರ್ತಿ ಕೇಳಿದರು. ಅವಳು ಮುಗಿಸಿ ಉಸಿರು ತೆಗೆದುಕೊಂಡ ಮೇಲೆ, ಮೆಲ್ಲಗೆ ಹೇಳಿದರು.

"ಗಾಳಿಯ ತೇವ ಅಂದಾಗಲೂ ನಿಮ್ಮ ಕಣ್ಣು ಹೀಗೇ ಹೊಳೀತಿತ್ತಮ್ಮ. ಕ್ಯಾಟಲಿಸ್ಟ್ ಅಂದಾಗಲೂ ಅಷ್ಟೇ."

"ಅದೆಲ್ಲ ತಪ್ಪಾಗಿತ್ತು ಸರ್. ಇದು ನಿಜ. ಇದು ನಿಜವಾಗ್ಲೂ ನಿಜ ಸರ್."

"ಆಗಲೂ ಹೀಗೇ ಹೇಳಿದ್ರಿ."

ಅತ್ತಿಗೆ ನನ್ನ ಕಡೆ ತಿರುಗಿದಳು. "ನೀನಾದ್ರೂ ಹೇಳೇ!"

ದೊಡ್ಡವರೂ ನನ್ನ ಕಡೆ ನೋಡಿದರು. "ಹೌದು, ನೀವು ಹೇಳಿ. ನಿಮ್ಮ ಹತ್ರ ಅಳತೆ ಇದೆಯಾ? ತೊಳೆಯೋಕೆ ಮುಂಚೆ ಆ ಚಿಟಿಕೆ ಹದಿನೇಳು ಕೊಡ್ತಿತ್ತು ಅಂತ ಈಚೆಗೆ ಅಳೆದಿದ್ದೀರಾ? ಅದು ಫ್ರೀಜರಿನಲ್ಲೇ ಕೆಟ್ಟಿರಲಿಲ್ಲ ಅಂತ ಹೇಗೆ ಹೇಳ್ತೀರಿ?"

ಅಳೆದಿರಲಿಲ್ಲ. ಹೇಗೆ ಅಳೆಯಲಿ? ಒಂದೇ ಸಲಕ್ಕೆ ಸಾಕಾಗುವಷ್ಟಿತ್ತು, ಅಳೆದಿದ್ದರೆ ಖರ್ಚಾಗಿಬಿಡುತ್ತಿತ್ತು. ಬಾಯಿ ಜೋರು ಎಂದು ಹೆಸರಾದ ನಾನು, ಯಾರಿಗೂ ಸೊಪ್ಪು ಹಾಕದ ನಾನು, ಅವರ ಮೇಜಿನ ಮುಂದೆ ಬೆಪ್ಪಾಗಿ ನಿಂತೆ. "ಅಳತೆ ಇಲ್ಲ ಸರ್. ಆದ್ರೆ ಅವಳು ಹೇಳ್ತಿರೋದು ಸರಿ. ನನಗೆ ಗೊತ್ತು," ಎಂದೆ. ಇದೇ ಮಾತನ್ನು ಬೇರೆ ಯಾರಾದರೂ ನನ್ನ ಮುಂದೆ ಆಡಿದ್ದರೆ ನಾನು ನಕ್ಕುಬಿಡುತ್ತಿದ್ದೆ.

"ಇದು ನನ್ನ ಕೈ ಮೀರಿದೆ," ಎಂದರು ದೊಡ್ಡವರು. "ಮೊದಲೇ ಹೇಳಿದ ಹಾಗೆ ಆ ಜಾಗ ಇನ್ನು ಬೇರೆಯವರಿಗೆ ಹೋಗುತ್ತೆ. ಅವರ ಸಾಮಾನು ಸೋಮವಾರ ಬರುತ್ತೆ. ನೀವು ಕಂಡುಕೊಂಡಿದ್ದನ್ನ ಬರೆದಿಡಿ, ಮುಂದೆ ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು." ಹೀಗೆ ಹೇಳುವಾಗ ಅವರು ನಮ್ಮ ಮುಖ ನೋಡಲಿಲ್ಲ.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ನಾನು, "ನಾನೇ ಮಾಡ್ತೀನಿ ಬಿಡು. ನೀನು ಮನೇಲಿ ಕೂತು ಹೇಳಿಕೊಡು, ನಾನು ಇಲ್ಲಿ ಒಂದು ಮೂಲೇಲಿ ಬ್ಯಾಚ್ ಇಡ್ತೀನಿ," ಎಂದೆ.

"ನಿನಗೆ ಸರಿಯಾಗಿ ಒಂದು ಲೋಟ ಕಾಫಿ ಮಾಡೋಕೆ ಬರಲ್ಲ," ಎಂದಳು. ನಗಲಿಲ್ಲ. "ಅದಕ್ಕೆ ಹಾಕೋದು ತವರ ಲೋಹದ ರಾಸಾಯನಿಕ ಕಣೇ, ವಿಷ. ಕಲಿಯದೇ ಇರೋರು ಮುಟ್ಟಬಾರದು. ಮುಟ್ಟೋಕೆ ಬಿಡೋದೂ ಇಲ್ಲ."

ಅದು ನಿಜವೇ ಆಗಿತ್ತು. ನಾನು ಮಾಡಬಲ್ಲೆ ಎಂದು ಹೇಳಿದ್ದು ಏನಾದರೂ ಹೇಳಬೇಕಲ್ಲ ಎಂದು ಅಷ್ಟೇ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆವು. ಇನ್ನೂ ಬಿಸಿಲಿತ್ತು. ಅಣ್ಣ ಈಜು ಕಲಿಸುವ ಮೇಷ್ಟ್ರು, ಆ ಹೊತ್ತಿಗೆ ಕೊಳದಲ್ಲಿರುತ್ತಾನೆ, ಫೋನು ಎತ್ತುವುದಿಲ್ಲ. ಎತ್ತದಿರುವುದೇ ಒಳ್ಳೆಯದೆನ್ನಿಸಿತು. ಅತ್ತಿಗೆ ಬಿಳಿ ಕೋಟನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನನ್ನ ಕಡೆ ತಿರುಗಿದಳು.

"ಒಂದು ಕೇಳ್ತೀನಿ, ನಿಜ ಹೇಳು. ನನ್ನ ಸಮಾಧಾನಕ್ಕೆ ಏನೇನೋ ಹೇಳಬೇಡ. ನಾನು ನಿನ್ನೆ ಅದನ್ನ ಮುಟ್ಟದೇ ಇದ್ದಿದ್ರೆ, ಇವತ್ತು ಹದಿನೇಳು ಬರ್ತಿತ್ತಾ?"

ನನಗೆ ಅವಳ ಮೇಲೆ ಸಿಟ್ಟು ಬಂತು, ಇಂಥ ಪ್ರಶ್ನೆ ಯಾಕಾದರೂ ಕೇಳುತ್ತಾಳೆ ಎಂದು. ಹೂಂ ಎಂದರೆ ನಿನ್ನ ಬದುಕನ್ನು ನೀನೇ ಕೈಯಾರೆ ಚರಂಡಿಗೆ ಸುರಿದೆ ಎಂದ ಹಾಗೆ. ಇಲ್ಲ, ಅದು ಫ್ರೀಜರಿನಲ್ಲೇ ಕೆಟ್ಟಿತ್ತು, ಆ ಮೊದಲ ಹದಿನೇಳೂ ಏನೋ ಎಡವಟ್ಟು ಎಂದರೆ, ಇಷ್ಟು ವರ್ಷ ನೀನು ಬೆನ್ನು ಹತ್ತಿದ್ದು ಇಲ್ಲದ ವಸ್ತುವನ್ನು ಎಂದ ಹಾಗೆ. ಯಾವುದನ್ನು ಹೇಳಿದರೂ ಅವಳಿಗೆ ಉಳಿಯುವುದೇನು? ಸುಳ್ಳು ಹೇಳಲು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನಿಂದಾಗಲಿಲ್ಲ.

"ಬರ್ತಿತ್ತು ಅತ್ತಿಗೆ," ಎಂದೆ.

"ಬರ್ತಿತ್ತು ಅಲ್ವಾ!" ಎಂದಳು ಅವಳು. ನಾನು ಅಂದುಕೊಂಡ ಹಾಗೆ ಅವಳು ಕುಸಿಯಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತಳು, ಕಣ್ಣು ಅರಳಿತು. "ಹಾಗಾದ್ರೆ ಅದು ನಿಜವಾಗ್ಲೂ ಒಳ್ಳೇದೇ ಇತ್ತು ಕಣೇ. ಸುಳ್ಳಲ್ಲ. ನಾನು ಮಾಡಿದ್ದು ಒಳ್ಳೇದೇ ಇತ್ತು." ಇಷ್ಟು ದಿನಗಳಲ್ಲಿ ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

ಬಸ್ಸು ಬಂದು ನಿಂತಿತು. ಅವಳು ಎದ್ದಳು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು, ಕಂಬಿ ಹಿಡಿಯಲೆಂದು ಕೈ ಚಾಚಿದವಳು, ನಿನ್ನೆ ಆ ಚಿಟಿಕೆಯನ್ನು ತೊಳೆದ ಆ ಕೈಯನ್ನೇ ನೋಡುತ್ತ ನಿಂತುಬಿಟ್ಟಳು. ಕಾಲನ್ನು ಮತ್ತೆ ಕೆಳಗಿಳಿಸಿದಳು.

"ಹತ್ತುತ್ತೀರೇನಮ್ಮಾ?" ಎಂದ ಡ್ರೈವರ್.

ಅವಳಿಗೆ ಕೇಳಿಸಲಿಲ್ಲ. ಬೆಂಚಿನ ಮೇಲೆ ಕೂತು, ಮುಖಕ್ಕೆ ಕೋಟು ಒತ್ತಿಕೊಂಡು, ಬಿಕ್ಕಿ ಬಿಕ್ಕಿ ಅಳತೊಡಗಿದಳು. ನಾನು ಡ್ರೈವರಿಗೆ ಹೋಗಪ್ಪಾ ಎಂದು ಕೈಸನ್ನೆ ಮಾಡಿ ಅವಳ ಪಕ್ಕದಲ್ಲಿ ಕೂತೆ. ಆಮೇಲೂ ಒಂದಾದ ಮೇಲೊಂದು ಬಸ್ಸುಗಳು ಬಂದವು, ಎಲ್ಲವನ್ನೂ ಹಾಗೇ ಕಳಿಸಿದೆ.